ದೀಪಾವಳಿಗೆ ಇಪ್ಪತ್ತು ಎಲೆ: ಹೋಳಿಗೆಯೋ, ಹುಗ್ಗಿಯೋ, ರೊಟ್ಟಿಯೂಟವೋ?

ಪುಣೆಯಿಂದ ಮಗನ ಸಂಸಾರ ಬರುತ್ತದೆ. ಮೈಸೂರು ಕಡೆಯ ಸೊಸೆಗೆ ಅನ್ನ ಇಲ್ಲದಿದ್ದರೆ ಊಟ ಆದಂತೆ ಅಲ್ಲ. ಅತ್ತೆಗೆ ಶುಗರ್, ಅಜ್ಜನಿಗೆ ಹಲ್ಲಿಲ್ಲ, ಒಂದು ಮಗುವಿಗೆ ಶೇಂಗಾ ಆಗೋದಿಲ್ಲ, ಓಣಿಯ ಜೈನ ಮನೆಯವರನ್ನೂ ಕರೆದಾಗಿದೆ. "ಏನ್ ಮಾಡೂಣ?" ಅಂತ ಕೇಳಿದರೆ ಮನೆಯಲ್ಲಿ ನಾಲ್ಕು ಮಂದಿ ನಾಲ್ಕು ಸಿಹಿಯ ಹೆಸರು ಹೇಳುತ್ತಾರೆ. ಜಗಳ ಶುರುವಾಗೋದೇ ಅಲ್ಲಿ. ಸಿಹಿ ಯಾವುದು ಅನ್ನೋದು ಕೊನೆಗೆ ತೀರ್ಮಾನ ಆಗಬೇಕಾದ ಸಂಗತಿ, ನಾವು ಅದನ್ನೇ ಮೊದಲು ಹಿಡಿದುಕೊಂಡು ಕೂಡುತ್ತೇವೆ.

ಇಲ್ಲಿಯ ಲೆಕ್ಕವೆಲ್ಲ 20 ಮಂದಿಗೆ. ದರ ಬರೆದಿಲ್ಲ. ಬಾಗಲಕೋಟೆ ಸಂತೆಯ ದರ ಬೆಳಗಾವಿಯಲ್ಲಿ ಇರೋದಿಲ್ಲ, ಹಬ್ಬದ ವಾರ ಎರಡೂ ಕಡೆ ಏರಿರುತ್ತದೆ. ಅಳತೆ ಮಾತ್ರ ಬದಲಾಗೋದಿಲ್ಲ, ಅದನ್ನು ನಿಮ್ಮ ಅಂಗಡಿಯ ದರಕ್ಕೆ ಗುಣಿಸಿಕೊಳ್ಳಿ.

ಅಡುಗೆ ಆರಿಸುವ ಮೊದಲು

ಒಂದು ಹಾಳೆಯಲ್ಲಿ ಬರೋರ ಹೆಸರು ಬರೆದು, ಎದುರಿಗೆ ಅವರು ಏನು ತಿನ್ನೋದಿಲ್ಲ ಅನ್ನೋದನ್ನು ಬರೆಯಿರಿ. ಏನು ಇಷ್ಟ ಅನ್ನೋದು ಬೇಡ. ಇಷ್ಟ ಕೇಳುತ್ತ ಹೋದರೆ ಹದಿನೈದು ಪದಾರ್ಥ ಆಗುತ್ತವೆ, ವರ್ಜ್ಯ ಕೇಳಿದರೆ ಮೂರು ನಾಲ್ಕರಲ್ಲಿ ಮುಗಿಯುತ್ತದೆ. ಅದರಲ್ಲೂ "ಆಗೋದಿಲ್ಲ" ಬೇರೆ, "ಸೇರೋದಿಲ್ಲ" ಬೇರೆ. ಶೇಂಗಾ ತಿಂದರೆ ಗಂಟಲು ಊದಿಕೊಳ್ಳುವ ಮಗುವನ್ನೂ ಬದನೆಕಾಯಿ ಕಂಡರೆ ಮುಖ ಸೊಟ್ಟ ಮಾಡುವ ಮೊಮ್ಮಗನನ್ನೂ ಒಂದೇ ಸಾಲಿನಲ್ಲಿ ಕೂಡಿಸಬೇಡಿ.

ಎರಡನೆಯದು, ಎಲೆ ಹಾಕಿದ ಹೊತ್ತಿಗೆ ಒಲೆಯ ಮುಂದೆ ಎಷ್ಟು ಮಂದಿ ನಿಂತಿರಬೇಕು. ಹಬ್ಬದ ಊಟ ಕೆಡೋದು ಹೆಚ್ಚಾಗಿ ಇಲ್ಲೇ. ರುಚಿಗೆ ಕುಂದಿರೋದಿಲ್ಲ, ಮಾಡಿದವರು ಮಾತ್ರ ಎಲ್ಲರೂ ಎದ್ದ ಮೇಲೆ ತಣ್ಣಗಾದದ್ದನ್ನು ಉಣ್ಣುತ್ತಾರೆ.

ಮೂರನೆಯದು, ಎಷ್ಟು ಕೆಲಸವನ್ನು ಹಿಂದಿನ ದಿನಗಳಿಗೆ ತಳ್ಳಬಹುದು. ನಾಲ್ಕನೆಯದು, ಉಳಿದರೆ ಏನಾಗುತ್ತದೆ. ಖರ್ಚು ಐದನೆಯದು. ನಮ್ಮ ಕಡೆಯ ಹಬ್ಬದೂಟದಲ್ಲಿ ಬ್ಯಾಳಿ, ಗೋಧಿ, ಜೋಳಕ್ಕಿಂತ ತುಪ್ಪ, ಎಣ್ಣೆ, ಒಣಹಣ್ಣುಗಳೇ ಹಣ ನುಂಗುತ್ತವೆ ಅನ್ನೋದು ನೆನಪಿರಲಿ.

ಹೂರಣದ ಹೋಳಿಗೆ, ಕಟ್ಟಿನ ಸಾರು, ಅನ್ನ

20 ಮಂದಿಗೆ ತಲಾ ಎರಡರಂತೆ 40 ಹೋಳಿಗೆ. ಅದಕ್ಕೆ 1 ಕೆಜಿ ಕಡ್ಲಿಬ್ಯಾಳಿ, 1 ಕೆಜಿ ಬೆಲ್ಲ, ಕಣಕಕ್ಕೆ 600 ಗ್ರಾಂ ಹಿಟ್ಟು (ಅರ್ಧ ಮೈದಾ, ಅರ್ಧ ಸಣ್ಣಗೆ ಜರಡಿ ಹಿಡಿದ ಗೋಧಿಹಿಟ್ಟು), 100 ಮಿಲಿ ಎಣ್ಣೆ. ಬೇಯಿಸುವಾಗ ಹಚ್ಚಲಿಕ್ಕೆ, ಎಲೆಗೆ ಬಡಿಸಲಿಕ್ಕೆ ತುಪ್ಪ ಅರ್ಧ ಕೆಜಿಯ ಹತ್ತಿರ ಹೋಗುತ್ತದೆ.

ಬ್ಯಾಳಿಯನ್ನು ತೆರೆದ ಪಾತ್ರೆಯಲ್ಲಿ 4 ಲೀಟರ್ ನೀರು, ಒಂದು ಚಮಚ ಎಣ್ಣೆ, ಚಿಟಿಕೆ ಅರಿಶಿನ ಹಾಕಿ ಬೇಯಿಸಿ. ಬೆರಳಲ್ಲಿ ಹಿಚುಕಿದರೆ ಹಿಟ್ಟಾಗಬೇಕು, ಪಾತ್ರೆಯಲ್ಲಿ ಮಾತ್ರ ಕಾಳು ಕಾಳಾಗಿಯೇ ಇರಬೇಕು. ಹೊತ್ತು ಉಳಿಸಲಿಕ್ಕೆ ಕುಕ್ಕರಿಗೆ ಹಾಕಿ ಒಂದು ಸೀಟಿ ಹೆಚ್ಚಾಯಿತೋ, ಬ್ಯಾಳಿ ಕರಗಿ ನೀರಿನ ಜತೆ ಒಂದಾಗುತ್ತದೆ. ಆಮೇಲೆ ಕಟ್ಟು (ಬ್ಯಾಳಿ ಬೆಂದ ನೀರು) ಬಸಿಯಲಿಕ್ಕೂ ಬರೋದಿಲ್ಲ, ಬೆಲ್ಲ ಹಾಕಿದರೆ ಹೂರಣ ಪಾಯಸವಾಗುತ್ತದೆ. ಇದರ ತದ್ವಿರುದ್ಧ ತಪ್ಪೂ ಉಂಟು: ಬ್ಯಾಳಿ ಪೂರ್ತಿ ಬೇಯುವ ಮೊದಲೇ ಬೆಲ್ಲ ಹಾಕೋದು. ಬೆಲ್ಲ ಬಿದ್ದ ಮೇಲೆ ಬ್ಯಾಳಿ ಮೆತ್ತಗಾಗೋದಿಲ್ಲ, ಎಷ್ಟು ಕುದಿಸಿದರೂ ನಡುವೆ ಗಟ್ಟಿ ಉಳಿಯುತ್ತದೆ, ಅರೆದರೆ ತರಿತರಿ. ಆ ತರಿಯೇ ಲಟ್ಟಿಸುವಾಗ ಕಣಕವನ್ನು ಹರಿಯೋದು.

ಬಸಿದ ಬ್ಯಾಳಿ ಹತ್ತು ನಿಮಿಷ ಜಾಲಿಯಲ್ಲೇ ಇರಲಿ. ಬೆಲ್ಲ ಸೇರಿಸಿ ಕೈಯಾಡಿಸುತ್ತ, ಸೌಟು ನಡುವೆ ನೆಟ್ಟಗೆ ನಿಲ್ಲುವ ತನಕ ಕುದಿಸಿ, ಬಿಸಿ ಇರುವಾಗಲೇ ಅರೆಯಿರಿ. ಆರಿದರೆ ಗಟ್ಟಿಯಾಗಿ ಮಿಕ್ಸರ್ ಸುಡುವ ಪ್ರಸಂಗ. ಕಣಕ ಎರಡು ತಾಸು ನೆನೆಯಬೇಕು. ಕಣಕ, ಹೂರಣ ಎರಡೂ ಒಂದೇ ಮೆದುವಾಗಿದ್ದರೆ ಮಾತ್ರ ಹೂರಣ ಅಂಚಿನವರೆಗೆ ಹೋಗುತ್ತದೆ. ಕಣಕ ಗಟ್ಟಿ ಇದ್ದರೆ ಹೂರಣ ಒಂದು ಕಡೆ ಒಡೆದು ಹಂಚಿಗೆ ಹತ್ತಿಕೊಳ್ಳುತ್ತದೆ. ಹತ್ತಿದ ಬೆಲ್ಲ ಕರಕಾಗಿ, ಮುಂದಿನ ಹೋಳಿಗೆಗಳೆಲ್ಲ ಕಪ್ಪು ಚುಕ್ಕೆ ಹೊತ್ತೇ ಏಳುತ್ತವೆ. ಒಂದು ಒಡೆದ ಕೂಡಲೇ ಹಂಚನ್ನು ಒದ್ದೆ ಬಟ್ಟೆಯಿಂದ ಒರೆಸಿ ಮುಂದೆ ಹೋಗಿ.

ಇನ್ನು ಜನರ ಲೆಕ್ಕ. ಒಬ್ಬರು ಲಟ್ಟಿಸಿ, ಒಬ್ಬರು ಎರಡು ಹಂಚಿನ ಮೇಲೆ ಬೇಯಿಸಿದರೆ 40 ಹೋಳಿಗೆಗೆ ಒಂದು ತಾಸಿನ ಮೇಲೆ. ಬಿಸಿ ಬಿಸಿ ಬಡಿಸಬೇಕೆಂದರೆ ಆ ಇಬ್ಬರು ಪಂಕ್ತಿಯಲ್ಲಿ ಕೂಡೋದಿಲ್ಲ. ಹೂರಣವನ್ನು ಹಿಂದಿನ ರಾತ್ರಿಯೇ ಮಾಡಿ ಫ್ರಿಜ್‌ನಲ್ಲಿ ಇಡಬಹುದು. ಆದರೆ ಕಟ್ಟು ತಡೆಯೋದಿಲ್ಲ. ಬಿಸಿಲಿನ ಹೊತ್ತು ಹೊರಗಿಟ್ಟರೆ ನಾಲ್ಕೈದು ತಾಸಿನಲ್ಲೇ ನೊರೆಗಟ್ಟಿ ಹುಳಿವಾಸನೆ ಬರುತ್ತದೆ. ಹೂರಣ ಯಾವತ್ತು ಮಾಡಿದರೂ ಕಟ್ಟು ಆರಿದ ಕೂಡಲೇ ಫ್ರಿಜ್ ಸೇರಲಿ, ಮರುದಿನ ಸಾರಿಗೆ ಚೆನ್ನಾಗಿ ಕುದಿಯಲಿ.

ಯಾರಿಗೆ ಒಗ್ಗುತ್ತದೆ? ಹಲ್ಲಿಲ್ಲದ ಅಜ್ಜನಿಗೆ ಹಾಲು ತುಪ್ಪದಲ್ಲಿ ಕಿವುಚಿದ ಹೋಳಿಗೆಗಿಂತ ಸುಖದ ಊಟವಿಲ್ಲ. ಅನ್ನ ಸಾರಿನವರಿಗೂ ಸೈ. ಗೋಧಿ ಆಗದವರಿಗೆ ಇಲ್ಲಿ ಅನ್ನ, ಪಲ್ಯ ಬಿಟ್ಟರೆ ಗತಿಯಿಲ್ಲ. ಶುಗರ್ ಇದ್ದವರ ಲೆಕ್ಕ ಸರಳ: 1 ಕೆಜಿ ಬೆಲ್ಲ 40 ಹೋಳಿಗೆಗೆ ಹಂಚಿದರೆ ಒಂದರಲ್ಲಿ 25 ಗ್ರಾಂ, ಅಂದರೆ ಐದು ಚಮಚ ಸಕ್ಕರೆಗೆ ಸಮ. ಬೆಲ್ಲವಾದರೆ ನಡೆಯುತ್ತದೆ ಅನ್ನೋ ಮಾತು ಹಬ್ಬದ ದಿನ ಎಲ್ಲರ ಬಾಯಲ್ಲೂ ಬರುತ್ತದೆ. ರಕ್ತಕ್ಕೆ ಸೇರಿದ ಮೇಲೆ ಬೆಲ್ಲ, ಸಕ್ಕರೆ ಎರಡೂ ಒಂದೇ. ಕಟ್ಟಿನ ಸಾರಿಗೂ ಒಂದು ಹಿಡಿ ಹೂರಣ ಬೀಳುತ್ತದೆಯಲ್ಲ, ಅದು ಬೀಳುವ ಮೊದಲೇ ಅವರಿಗೆ ಎರಡು ಸೌಟು ತೆಗೆದಿಡಿ.

ಗೋಧಿ ಹುಗ್ಗಿ, ಪಲ್ಯ, ಅನ್ನ ಸಾರು

ಅಡುಗೆಮನೆಯಲ್ಲಿ ಒಂದೇ ಜೋಡಿ ಕೈ ಇದ್ದರೆ ಹುಗ್ಗಿಗೆ ಎದುರಿಲ್ಲ. ಕುಟ್ಟಿದ ಹುಗ್ಗಿ ಗೋಧಿ 1 ಕೆಜಿ, ಬೆಲ್ಲ 1 ಕೆಜಿ, ಒಣಕೊಬ್ಬರಿ 150 ಗ್ರಾಂ, ಗಸಗಸೆ 50 ಗ್ರಾಂ, ತುಪ್ಪ 200 ಗ್ರಾಂ, ಏಲಕ್ಕಿ, ಜಾಜಿಕಾಯಿ. 20 ಬಟ್ಟಲು ನಿರಾಯಾಸವಾಗಿ ಆಗುತ್ತದೆ. ಹೋಳಿಗೆಗೆ ಹೋಲಿಸಿದರೆ ತುಪ್ಪದ ಖರ್ಚು ಅರ್ಧಕ್ಕೂ ಕಡಿಮೆ.

ರಾತ್ರಿ ನೆನೆಹಾಕಿ, ಬೆಳಗ್ಗೆ 3 ಲೀಟರ್ ನೀರಿನಲ್ಲಿ ಕುಕ್ಕರಿನಲ್ಲಿ ಏಳೆಂಟು ಸೀಟಿ. ಕಾಳು ಅರಳಿ ಬಾಯಿ ಬಿಟ್ಟಿರಬೇಕು. ಬೆಲ್ಲವನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ ಸೋಸಿಯೇ ಹಾಕಿ. ಮಹಾಲಿಂಗಪುರದ ಒಳ್ಳೆ ಪೆಂಟೆಯೇ ಆದರೂ ತಳದಲ್ಲಿ ಕಸ, ಮರಳು ಇಳಿದೇ ಇರುತ್ತದೆ. ಇಲ್ಲೂ ಅದೇ ನಿಯಮ, ಗೋಧಿ ಬೆಂದ ಮೇಲೆಯೇ ಬೆಲ್ಲ. ಪಾತ್ರೆ ದಪ್ಪ ತಳದ್ದಿರಲಿ. ಬೆಲ್ಲ ಬಿದ್ದ ಹುಗ್ಗಿ ಒಮ್ಮೆ ತಳ ಹಿಡಿಯಿತೆಂದರೆ ಆ ವಾಸನೆ ಏಲಕ್ಕಿಗೂ ಜಗ್ಗೋದಿಲ್ಲ. ತಳ ಹಿಡಿದಿದ್ದು ಗೊತ್ತಾದ ಕ್ಷಣ ಕೆದಕಬೇಡಿ, ಮೇಲಿನದನ್ನು ಮಾತ್ರ ಬೇರೆ ಪಾತ್ರೆಗೆ ಸುರಿದುಕೊಳ್ಳಿ. ಹಾಲನ್ನು ಕುದಿಯುವ ಹುಗ್ಗಿಗೆ ಸುರಿದರೆ ಒಡೆಯಬಹುದು, ಬಡಿಸುವಾಗ ಬಟ್ಟಲಿಗೆ ಹಾಕಿಕೊಳ್ಳೋದೇ ಕ್ಷೇಮ. ಆರುತ್ತ ಗಟ್ಟಿಯಾಗುವ ಪದಾರ್ಥ, ಆದ್ದರಿಂದ ಮಧ್ಯಾಹ್ನ ಇಳಿಸುವಾಗ ನಿಮಗೆ ತುಸು ತೆಳ್ಳಗೆ ಅನ್ನಿಸಬೇಕು.

ಇದರ ಕುಂದು ಶುಗರ್ ಇದ್ದವರ ಕಡೆಗೇ. 20 ಬಟ್ಟಲಿಗೆ 1 ಕೆಜಿ ಬೆಲ್ಲ, ತಲಾ 50 ಗ್ರಾಂ. ಒಂದು ಬಟ್ಟಲು ಹುಗ್ಗಿ ಎರಡು ಹೋಳಿಗೆಗೆ ಸಮ ಆಯಿತು. ಹೋಳಿಗೆಯಾದರೆ "ಅರ್ಧ ಸಾಕು" ಅಂತ ಮುರಿದು ಕೊಡಬಹುದು. ಹುಗ್ಗಿಗೆ ಅಂಥ ಗಡಿ ಇಲ್ಲ, ಸೌಟು ಹಿಡಿದವರ ಪ್ರೀತಿಯೇ ಅಳತೆ. ಅವರಿಗೆಂದು ಬೆಲ್ಲ ಹಾಕುವ ಮೊದಲೇ ಒಂದು ಬಟ್ಟಲು ಬೆಂದ ಗೋಧಿ ತೆಗೆದು ಜೀರಿಗೆ, ಹಸಿಮೆಣಸಿನಕಾಯಿ ಒಗ್ಗರಣೆ ಕೊಟ್ಟು ಮಜ್ಜಿಗೆ ಜತೆ ಇಡಬಹುದು. ಹಾಗಂತ ಅದನ್ನು ಹಬ್ಬದೂಟ ಅಂತ ಅವರು ಒಪ್ಪುತ್ತಾರೆ ಅನ್ನೋ ಖಾತ್ರಿ ಇಲ್ಲ. ಗೋಧಿ ಆಗದವರಿಗೆ ಹುಗ್ಗಿ ಸಂಪೂರ್ಣ ವರ್ಜ್ಯ.

ರೊಟ್ಟಿಯೂಟ

ನಾನಾ ಪಥ್ಯದವರು ಒಂದೇ ಪಂಕ್ತಿಯಲ್ಲಿ ಕೂಡೋದಾದರೆ ನಮ್ಮ ಮತ ಇದಕ್ಕೇ. ಕಾರಣ, ಇದರಲ್ಲಿ ಯಾವ ಒಂದು ಪದಾರ್ಥದ ಮೇಲೂ ಊಟ ನಿಂತಿಲ್ಲ. ಹೋಳಿಗೆ ಊಟದಿಂದ ಹೋಳಿಗೆ ತೆಗೆದರೆ ಎಲೆ ಬರಿದು. ರೊಟ್ಟಿಯೂಟದಿಂದ ಎಣ್ಣೆಗಾಯಿ ತೆಗೆದರೂ ಕಾಳಪಲ್ಯ, ಝುಣಕ, ಪಚಡಿ, ಹಿಂಡಿ (ಚಟ್ನಿ), ಮೊಸರು ಉಳಿದೇ ಇರುತ್ತವೆ. "ಹಬ್ಬದ ದಿನಾನೂ ರೊಟ್ಟಿ ಏನು?" ಅನ್ನೋರು ಇರುತ್ತಾರೆ. ಪುಣೆ, ಬೆಂಗಳೂರಿನಿಂದ ಬಂದವರು ಮೊದಲು ಕೈ ಹಾಕೋದು ರೊಟ್ಟಿಗೇ ಅನ್ನೋದನ್ನು ಅವರಿಗೆ ತೋರಿಸಿ.

ಬಿಸಿರೊಟ್ಟಿಯಾದರೆ 1 ಕೆಜಿ ಹಿಟ್ಟಿಗೆ 14–15 ಆಗುತ್ತವೆ, 40ಕ್ಕೆ 3 ಕೆಜಿ ಹಿಟ್ಟು ಹಿಡಿಯಿರಿ. ಒಂದು ರೊಟ್ಟಿಗೆ ಮೂರು ನಿಮಿಷ ಅಂದರೂ ಬಡಿಯುವವರು ಎರಡು ತಾಸು ಬೆಂಕಿಯ ಮುಂದೆ. ಇದು ಹೋಳಿಗೆಗಿಂತ ಕಷ್ಟ, ಬದಲಿಗೆ ಕೂಡುವ ಕೈಯೂ ಸುಲಭಕ್ಕೆ ಸಿಗೋದಿಲ್ಲ. ಆದ್ದರಿಂದ ಖಡಕ್ ರೊಟ್ಟಿಯನ್ನು ಒಂದು ವಾರ ಮೊದಲೇ ಮಾಡಿಡಿ, ಇಲ್ಲವೇ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳಿಗೆ ಮುಂಚಿತ ಹೇಳಿ. ಹತ್ತು ಬಿಸಿರೊಟ್ಟಿ ಮಾತ್ರ ಆ ಹೊತ್ತಿಗೆ ಸಾಕು, ಹಲ್ಲಿಲ್ಲದವರಿಗೆ, ಹಟ ಮಾಡುವವರಿಗೆ.

ಹಿಟ್ಟು ಹಳೆಯದಾದರೆ ಜಿಗಿ ಬಿಡುತ್ತದೆ, ಬಡಿಯುವಾಗ ಅಂಚು ಸೀಳುತ್ತದೆ, ರುಚಿಯೂ ತುಸು ಕಹಿ. ವಿಜಯಪುರದ ಹಿಂಗಾರಿ ಬಿಳಿಜೋಳ, ಮಾಲದಂಡಿ ತಳಿ ಸಿಕ್ಕರೆ ಮೇಲು. ಹಬ್ಬದ ಹಿಂದಿನ ವಾರ ಗಿರಣಿಗೆ ಹಾಕಿಸಿ, ಕುದಿಯುವ ಎಸರಿನಲ್ಲೇ ನಾದಿ. ಜೋಳದಲ್ಲಿ ಗೋಧಿಯ ಹಾಗೆ ಹಿಡಿದುಕೊಳ್ಳುವ ಅಂಟಿಲ್ಲ, ಬಿಸಿನೀರು ತಾಗಿ ಹಿಟ್ಟು ಅರೆಬರೆ ಬೆಂದರೇನೇ ಅದು ಕೂಡಿಕೊಳ್ಳೋದು. ಗೋಧಿ ಆಗದವರಿಗೆ ಇದೇ ವರ, ಆದರೆ ಗಿರಣಿಯಲ್ಲಿ ನಿಮ್ಮ ಜೋಳಕ್ಕಿಂತ ಮೊದಲು ಗೋಧಿ ಬಿದ್ದಿದ್ದರೆ ಹಿಟ್ಟಿನಲ್ಲಿ ಅದು ಬಂದೇ ಬರುತ್ತದೆ. ಆ ಹಿಟ್ಟು ಅವರಿಗೆ ಬೇಡ. ಸುಟ್ಟ ಖಡಕ್ ರೊಟ್ಟಿ ಪೂರ್ತಿ ಆರುವ ಮೊದಲು ಡಬ್ಬಿಯಲ್ಲಿ ಮುಚ್ಚಿದರೆ ಬೂಸರು ಹಿಡಿಯುತ್ತದೆ. ಬುಟ್ಟಿಯಲ್ಲಿ ಬಟ್ಟೆ ಹಾಸಿ ಜೋಡಿಸಿ.

ಪಲ್ಯಗಳ ಅಳತೆ: ಎಣ್ಣೆಗಾಯಿಗೆ ಎಳೆ ಸಣ್ಣ ಬದನೆಕಾಯಿ 2 ಕೆಜಿ (ಸುಮಾರು 40 ಕಾಯಿ), ಮಡಕಿಕಾಳು 750 ಗ್ರಾಂ, ಝುಣಕಕ್ಕೆ ಕಡ್ಲಿಹಿಟ್ಟು ಅರ್ಧ ಕೆಜಿ. ಮಡಕಿ ಹತ್ತು ತಾಸು ನೆನೆದು, ಬಟ್ಟೆಯಲ್ಲಿ ಕಟ್ಟಿ ಮತ್ತೆ ಹನ್ನೆರಡು ತಾಸು ಬೇಕು. ದೀಪಾವಳಿಯ ಹೊತ್ತಿಗೆ ರಾತ್ರಿ ಚಳಿ ಶುರುವಾಗಿರುತ್ತದೆ, ಮೊಳಕೆ ತಡ ಮಾಡುತ್ತದೆ. ಗಂಟನ್ನು ಹಿಟ್ಟಿನ ಡಬ್ಬಿಯೊಳಗಾದರೂ ಬೆಚ್ಚಗಿಡಿ.

ಹಲ್ಲಿಲ್ಲದವರಿಗೆ ಮುಟಗಿ. ಹಂಚಿನಿಂದ ಇಳಿದ ಬಿಸಿರೊಟ್ಟಿ ತುಸು ದಪ್ಪ ಇರಲಿ. ಒರಳಿನಲ್ಲಿ ನಾಲ್ಕು ಎಸಳು ಬಳ್ಳೊಳ್ಳಿ, ಒಂದು ಹಸಿಮೆಣಸಿನಕಾಯಿ, ಜೀರಿಗೆ, ಉಪ್ಪು ಜಜ್ಜಿ, ರೊಟ್ಟಿಯನ್ನು ಬಿಸಿ ಆರುವ ಮೊದಲೇ ಹರಿದು ಹಾಕಿ ಕುಟ್ಟಿ. ಬೆರಳಿಗೆ ಸುಡುವಷ್ಟು ಬಿಸಿ ಇರುವಾಗ ಹೊಂದಿಕೊಳ್ಳುತ್ತದೆ, ಆರಿದ ರೊಟ್ಟಿ ಪುಡಿಪುಡಿಯಾಗಿ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಮೇಲೆ ಎರಡು ಚಮಚ ತುಪ್ಪ ಹಾಕಿ ಮುಷ್ಟಿಯಲ್ಲಿ ಉಂಡೆ ಒತ್ತಿದಾಗ ಬೆರಳಿನ ಗುರುತು ಮೂಡಿ ನಿಂತರೆ ಹದ ಸರಿ.

ರೊಟ್ಟಿಯೂಟದ ಜತೆ ಸಿಹಿಯೂ ಹಬ್ಬಕ್ಕೆ ಬೇಕು. ಶೇಂಗಾ ಹೋಳಿಗೆ ನಾಲ್ಕೈದು ದಿನ ಮೊದಲೇ ಮಾಡಿಟ್ಟರೂ ಕೆಡೋದಿಲ್ಲ, ಹೂರಣದಲ್ಲಿ ನೀರಿನ ಪಸೆ ಇಲ್ಲವಲ್ಲ. 1 ಕೆಜಿ ಶೇಂಗಾಕ್ಕೆ 750 ಗ್ರಾಂ ಬೆಲ್ಲ, ಸಣ್ಣ ಗಾತ್ರದಲ್ಲಿ 40ರ ಮೇಲೆ ಆಗುತ್ತವೆ, ಒಂದರಲ್ಲಿ ಬೆಲ್ಲ 18 ಗ್ರಾಂ ಆಸುಪಾಸು. ಮಾದಲಿ (ಗೋಧಿ, ಬೆಲ್ಲದ ಪುಡಿಸಿಹಿ) ಇನ್ನೂ ಹೆಚ್ಚು ದಿನ ಬಾಳುತ್ತದೆ, ಹಾಲು ತುಪ್ಪ ಹಾಕಿಕೊಂಡರೆ ಅಜ್ಜನಿಗೂ ಆಯಿತು. ಕೊಂಡು ತರೋದಾದರೆ ಗೋಕಾಕ ಅಥವಾ ಅಮೀನಗಡದ ಕರದಂಟು, ಬೆಳಗಾವಿಯ ಕುಂದಾ. ಕರದಂಟಿಗೆ ಗಟ್ಟಿ ಹಲ್ಲು ಬೇಕು, ಕುಂದಾಕ್ಕೆ ಫ್ರಿಜ್ ಬೇಕು. ತೂಕದ ದರದಲ್ಲಿ ಎರಡೂ ಮನೆಯ ಹೋಳಿಗೆಗಿಂತ ತುಟ್ಟಿ, ಆದರೆ ತಲೆಗೊಂದು ತುಂಡು ಸಾಕಾದ್ದರಿಂದ ಒಟ್ಟು ಲೆಕ್ಕದಲ್ಲಿ ಅಷ್ಟು ಭಾರ ಬೀಳೋದಿಲ್ಲ.

ಪಥ್ಯದ ಸೂಕ್ಷ್ಮಗಳು

ಶೇಂಗಾ ಆಗದ ಮಗು ಬರುತ್ತದೆಂದರೆ ಉತ್ತರ ಕರ್ನಾಟಕದ ಅಡುಗೆಮನೆಯೇ ಕಷ್ಟದ ಜಾಗ. ಹಿಂಡಿ ಒಂದನ್ನು ದೂರ ಇಟ್ಟರೆ ಮುಗಿಯೋದಿಲ್ಲ. ಎಣ್ಣೆಗಾಯಿಯ ಹೂರಣ, ಕಾಳಪಲ್ಯಕ್ಕೆ ಕೊನೆಗೆ ಉದುರಿಸುವ ಪುಡಿ, ಪಚಡಿ, ಒಗ್ಗರಣೆಯ ಎಣ್ಣೆ, ಎಲ್ಲದರಲ್ಲೂ ಅದು ಇದೆ. ಆ ದಿನ ಪಲ್ಯಗಳಿಗೆಲ್ಲ ಗುರೆಳ್ಳು, ಎಳ್ಳು, ಪುಠಾಣಿ ಪುಡಿ ಬಳಸಿ. ಎಳ್ಳೂ ಕೆಲವರಿಗೆ ಆಗೋದಿಲ್ಲ, ತಾಯಿಯನ್ನು ಕೇಳಿಕೊಳ್ಳಿ. ಶೇಂಗಾ ಅರೆದ ಮಿಕ್ಸರ್ ಜಾರನ್ನು ನೀರಾಡಿಸಿ ಮತ್ತೆ ಬಳಸೋದು ಬೇಡ, ಬೇರೆ ಜಾರು ತೆಗೆಯಿರಿ. ಇಂಥ ಮನೆಯಲ್ಲಿ ಶೇಂಗಾ ಹೋಳಿಗೆ ಬಿಟ್ಟು ಮಾದಲಿ ಮಾಡೋದೇ ಮೇಲು. ಕರದಂಟು ತರೋದಾದರೆ ಏನೇನು ಬಿದ್ದಿದೆ ಅಂತ ಅಂಗಡಿಯಲ್ಲೇ ಕೇಳಿ.

ಜೈನ ಮನೆಯವರಿಗೆ ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟಿ, ಗಜ್ಜರಿ, ಮೂಲಂಗಿ ನಡೆಯೋದಿಲ್ಲ ಅನ್ನೋದು ಎಲ್ಲರಿಗೂ ಗೊತ್ತು. ಬದನೆಕಾಯಿಯನ್ನೂ ಬಹಳ ಮನೆಗಳಲ್ಲಿ ಬಿಡುತ್ತಾರೆ, ಕಟ್ಟುನಿಟ್ಟಿನವರು ಮೊಳಕೆ ಕಾಳನ್ನೂ ಮುಟ್ಟೋದಿಲ್ಲ ಅನ್ನೋದು ಮರೆತುಹೋಗುತ್ತದೆ. ಹೀರೇಕಾಯಿ ಪಲ್ಯ, ಇಂಗಿನ ಒಗ್ಗರಣೆಯ ಝುಣಕ, ತೊಗರಿಬ್ಯಾಳಿ ಸಾರು ಇಟ್ಟುಕೊಳ್ಳಿ. ಅದಕ್ಕಿಂತ ದೊಡ್ಡ ಸಂಗತಿ ಹೊತ್ತು. ಸೂರ್ಯ ಮುಳುಗಿದ ಮೇಲೆ ಉಣ್ಣದವರಿಗೆ ರಾತ್ರಿ ಎಂಟರ ಪಂಕ್ತಿ ಅಂದರೆ ಕರೆದೂ ಕರೆಯದಂತೆ. ಆ ದಿನಗಳಲ್ಲಿ ಆರರ ಹೊತ್ತಿಗೆ ಸೂರ್ಯಾಸ್ತ, ಹಾಗಾಗಿ ಐದಕ್ಕೇ ಅವರ ಎಲೆ ಹಾಕಿ. ಮೇಲಾಗಿ ದೀಪಾವಳಿ ಅವರಿಗೆ ಮಹಾವೀರರ ನಿರ್ವಾಣದ ದಿನ, ಅವರ ಮನೆಯ ಪೂಜೆಯೂ ಇರುತ್ತದೆ. ಪಾಡ್ಯದ ದಿನ ಕರೆಯಬಹುದೇ ಅಂತ ಮೊದಲೇ ಕೇಳಿದರೆ ಇಬ್ಬರಿಗೂ ಹಗುರ.

ಎಲ್ಲಕ್ಕೂ ಒಂದೇ ಉಪಾಯ ಅಂದರೆ ಸಾರು, ಬ್ಯಾಳಿ, ಒಂದು ಪಲ್ಯವನ್ನು ಉಳ್ಳಾಗಡ್ಡಿ ಬಳ್ಳೊಳ್ಳಿ ಇಲ್ಲದೆ ಮಾಡಿ, ಜಜ್ಜಿದ ಬಳ್ಳೊಳ್ಳಿ ಒಗ್ಗರಣೆಯನ್ನು ಸಣ್ಣ ಬಟ್ಟಲಲ್ಲಿ ಬೇರೆ ಇಡೋದು. ಬೇಕಾದವರು ಎಲೆಯಲ್ಲೇ ಹಾಕಿಕೊಳ್ಳಲಿ. ಖಾರವೂ ಹಾಗೆಯೇ: ಪಲ್ಯಕ್ಕೆ ಬ್ಯಾಡಗಿ ಬಣ್ಣದಷ್ಟೇ ಹಾಕಿ, ಕೆಂಪು ಹಿಂಡಿಯನ್ನು ಪಕ್ಕಕ್ಕಿಟ್ಟರೆ ಮಕ್ಕಳೂ ಉಣ್ಣುತ್ತಾರೆ, ಖಾರದವರೂ ಬೈಯೋದಿಲ್ಲ. ಬಿಪಿ ಇದ್ದವರಿಗೆ ಉಪ್ಪು ಹೆಚ್ಚು ಹೋಗೋದು ಹಿಂಡಿ, ಉಪ್ಪಿನಕಾಯಿ, ಹಪ್ಪಳದಿಂದ. ಅವರ ಎಲೆಗೆ ಇಂಡಿ ಕಡೆಯ ಲಿಂಬೆಯ ಹೋಳು, ಮೊಸರು ಹೆಚ್ಚಿಸಿ.

ಶುಗರಿನ ಗುಳಿಗೆ, ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಊಟದಷ್ಟೇ ಹೊತ್ತೂ ಮುಖ್ಯ. ಲಕ್ಷ್ಮೀಪೂಜೆ ಒಂಬತ್ತಕ್ಕೆ ಮುಗಿದು ಎಲೆ ಹತ್ತಕ್ಕೆ ಬಿದ್ದರೆ ಸಕ್ಕರೆ ಇಳಿದು ಬೆವರು, ನಡುಕ ಶುರುವಾಗಬಹುದು. ಪೂಜೆ ಮುಗಿಯುವ ತನಕ ಕಾಯಲಿ ಅನ್ನೋ ಹಟ ಬೇಡ, ಅವರಿಗೆ ಎಂಟಕ್ಕೇ ಎರಡು ರೊಟ್ಟಿ, ಕಾಳಪಲ್ಯ, ಮಜ್ಜಿಗೆ ಕೊಡಿ.

ಮಾಂಸದೂಟದ ಮನೆಯಾದರೆ ಅದನ್ನು ಈ ಪಂಕ್ತಿಗೆ ಬೆರೆಸದೆ ಹಬ್ಬದ ಮರುದಿನ ಆಚರಿಸುವ ‘ಕರಿ’ಗೆ ಬಿಡೋದು ರೂಢಿಗೂ ಸರಿ, ಪಾತ್ರೆಗಳ ಲೆಕ್ಕಕ್ಕೂ ಸರಿ.

ಹಾಗಾದರೆ ಯಾವುದು?

ಹೋಳಿಗೆಯಲ್ಲಿ ಕೈ ಪಳಗಿದ ಇಬ್ಬರಿದ್ದು, ಪಥ್ಯದವರು ಒಬ್ಬಿಬ್ಬರೇ ಇದ್ದರೆ ಹೋಳಿಗೆ. ಒಬ್ಬರೇ ಅಡುಗೆಯವರು, ಕೈ ಬಿಗಿ ಇದೆ ಅಂದರೆ ಹುಗ್ಗಿ. ಶುಗರ್, ಗೋಧಿ, ಜೈನ, ಹಲ್ಲಿಲ್ಲದವರು ಎಲ್ಲ ಸೇರಿದರೆ ರೊಟ್ಟಿಯೂಟ, ಸಿಹಿ ಮಾತ್ರ ಮೊದಲೇ ಮಾಡಿಟ್ಟದ್ದು ಅಥವಾ ತಂದದ್ದು. "ಹೋಳಿಗೆ ಇಲ್ಲದ ಹಬ್ಬ ಏನ್ ಹಬ್ಬ" ಅನ್ನೋ ಹಿರಿಯರಿದ್ದರೆ ರೊಟ್ಟಿಯೂಟವನ್ನೇ ಇಟ್ಟುಕೊಂಡು ಕಾಲು ಕೆಜಿ ಬ್ಯಾಳಿಯ ಹತ್ತು ಹೋಳಿಗೆ ಮಾಡಿ ಅರ್ಧರ್ಧ ಬಡಿಸಿ. ಅಷ್ಟರಿಂದಲೇ ಒಂದಿಷ್ಟು ಕಟ್ಟೂ ಸಿಗುತ್ತದೆ, ಅನ್ನದವರ ಸಾರಿಗೆ ಆಯಿತು.

ಅನ್ನಕ್ಕೆ ರೊಟ್ಟಿಯೂಟದಲ್ಲಿ 1 ಕೆಜಿ ಅಕ್ಕಿ ಸಾಕು, ಹೋಳಿಗೆ ಅಥವಾ ಹುಗ್ಗಿಯೂಟದಲ್ಲಿ ಒಂದೂವರೆ ಕೆಜಿ. ಉಳಿದ ಹೋಳಿಗೆ ಮರುದಿನ ಬಿಸಿ ಹಾಲಿನಲ್ಲಿ ಮುಗಿಯುತ್ತದೆ. ಹುಗ್ಗಿಯನ್ನು ಬಿಸಿನೀರು ಸೇರಿಸಿ ಸಣ್ಣ ಉರಿಯಲ್ಲಿ ಸಡಿಲಿಸಬೇಕು. ಚೂರಾದ ಖಡಕ್ ರೊಟ್ಟಿಗೆ ನೀರು ಚಿಮುಕಿಸಿ, ಉಳ್ಳಾಗಡ್ಡಿ ಹಸಿಮೆಣಸಿನಕಾಯಿ ಒಗ್ಗರಣೆ ಕೊಟ್ಟರೆ ಪುಣೆಗೆ ಹೊರಡುವವರ ಬೆಳಗಿನ ನಾಷ್ಟಾ ಆಯಿತು.